ನೀರಿಗೆ ಬಿದ್ದ ಒಡವೆ ಮತ್ತು ಅದನ್ನು ಹುಡುಕುವ ಮೆಷಿನ್

(ಕುಂದಾಪುರ ಕಡೆಯ ಒಂದು ಯುವಕ ಮಂಡಲದವರು ಎಲ್ಲರೂ ಸೇರಿ ದುಡ್ಡು ಹಾಕಿ ನೀರೊಳಗೆ ಬಳಸುವ ಮೆಟಲ್ ಡಿಟೆಕ್ಟರ್ ಒಂದನ್ನು ತೆಗೆದುಕೊಳ್ಳುವ ಯೋಚನೆಯಲ್ಲಿದ್ದರು. ತೆಗೆದುಕೊಳ್ಳುವ ಮೊದಲು ಬಂದು ಸ್ವಲ್ಪ ಮಾತಾಡಿ ಎಂದು ಕರೆದರು. ಅಲ್ಲಿ ಹೇಳಿದ್ದನ್ನು, ನಡುನಡುವೆ ಅವರು ಕೇಳಿದ್ದನ್ನು ಸೇರಿಸಿ, ಇಲ್ಲಿ ಬರೆದಿದ್ದೇನೆ. ಮಾತಾಡುವಾಗ ಅತ್ತಿತ್ತ ಹೋದದ್ದನ್ನು ಪೂರ್ತಿ ತಿದ್ದಿಲ್ಲ.)

ಡಿಟೆಕ್ಟರ್ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ. "ಇದು ಎಷ್ಟು ಆಳಕ್ಕೆ ಹೋಗ್ತದೆ ಮಾರಾಯ್ರೆ?" ಮಾರುವವರಿಗೂ ಇದು ಗೊತ್ತು. ಹಾಗಾಗಿ ಡಬ್ಬದ ಮೇಲೆ ದೊಡ್ಡದಾಗಿ 3 ಮೀಟರ್, 5 ಮೀಟರ್, 60 ಮೀಟರ್ ಎಂದು ಹಾಕಿರುತ್ತಾರೆ. ಆ ಸಂಖ್ಯೆ ಹೇಳುವುದು ಎಷ್ಟು ಆಳದ ನೀರಿನವರೆಗೆ ಮೆಷಿನ್ ಒಳಗೆ ನೀರು ನುಗ್ಗುವುದಿಲ್ಲ ಎಂಬುದನ್ನು, ಅಷ್ಟೇ. ಮರಳಿನಲ್ಲಿ ಎಷ್ಟು ಕೆಳಗೆ ಹುದುಗಿರುವ ಉಂಗುರವನ್ನು ಅದು ಹಿಡಿಯುತ್ತದೆ ಎಂಬುದು ಬೇರೆಯೇ ಲೆಕ್ಕ. ಮೆಷಿನ್ ಎಷ್ಟೇ ದುಬಾರಿಯಾಗಿರಲಿ, ಉಂಗುರದಂಥ ಸಣ್ಣ ವಸ್ತುವಿಗೆ ಹೆಚ್ಚುಕಡಿಮೆ ಒಂದು ಗೇಣು. ಮರಳು ಚೆನ್ನಾಗಿದ್ದು, ಹಿಡಿದವರ ಕೈ ಪಳಗಿದ್ದರೆ ಇನ್ನೊಂದು ನಾಲ್ಕು ಬೆರಳು ಜಾಸ್ತಿ.

ಯಾಕೆ ಅಷ್ಟೇ ಅಂತ ಕೇಳಿದರೆ ಕಾರಣ ಸರಳ. ಕಾಯಿಲ್, ಅಂದರೆ ಕೋಲಿನ ತುದಿಯಲ್ಲಿರುವ ತಟ್ಟೆಯಂಥ ತಂತಿಯ ಸುರುಳಿ. ಅದರಿಂದ ಹೊರಡುವ ಕಾಂತಕ್ಷೇತ್ರ ದೂರ ಹೋದ ಹಾಗೆ ಬಹಳ ಬೇಗ ಸೊರಗುತ್ತದೆ, ದೂರದ ಘನದ ಲೆಕ್ಕದಲ್ಲಿ. ಅದು ಉಂಗುರಕ್ಕೆ ತಾಗಿ, ಉಂಗುರದಲ್ಲಿ ಸಣ್ಣ ಕರೆಂಟ್ ಹುಟ್ಟಿಸಿ, ಅಲ್ಲಿಂದ ವಾಪಸ್ ಬರುವಾಗಲೂ ಹಾಗೆಯೇ ಸೊರಗುತ್ತದೆ. ಎರಡೂ ಸೇರಿದರೆ ಆರನೇ ಘಾತ. ಅಂದರೆ ಉಂಗುರ ಎರಡು ಪಟ್ಟು ದೂರದಲ್ಲಿದ್ದರೆ ಸಿಗ್ನಲ್ ಅರ್ಧವಾಗುವುದಿಲ್ಲ, 64ರಲ್ಲಿ ಒಂದು ಪಾಲು ಆಗುತ್ತದೆ. ಹಾಗಾಗಿ ದುಪ್ಪಟ್ಟು ದುಡ್ಡು ಕೊಟ್ಟರೆ ದುಪ್ಪಟ್ಟು ಆಳ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ನೀರಿನ ಆಳದ ವಿಷಯ. ಜನ ಒಡವೆ ಕಳೆದುಕೊಳ್ಳುವುದು ಎಲ್ಲಿ? ಮಲ್ಪೆ, ಮರವಂತೆ, ಗೋಕರ್ಣ, ಮುರುಡೇಶ್ವರ ಯಾವುದೇ ಇರಲಿ, ಮೊಣಕಾಲಿನಿಂದ ಎದೆಮಟ್ಟದವರೆಗಿನ ನೀರಿನಲ್ಲಿ. ಅಲೆ ಬಂದಾಗ ಒಬ್ಬರ ಕೈ ಒಬ್ಬರು ಹಿಡಿದು ಎಳೆಯುತ್ತಾರೆ. ತಣ್ಣೀರಿಗೆ ಬೆರಳು ಸ್ವಲ್ಪ ಸಣ್ಣಗಾಗಿರುತ್ತದೆ, ಮೇಲಿಂದ ಎಣ್ಣೆಯೋ ಸನ್‌ಸ್ಕ್ರೀನೋ ಹಚ್ಚಿರುತ್ತಾರೆ. ಉಂಗುರ ಜಾರಿದ್ದು ಗೊತ್ತಾಗುವುದೇ ದಡಕ್ಕೆ ಬಂದ ಮೇಲೆ. ಧರ್ಮಸ್ಥಳದ ನೇತ್ರಾವತಿ, ಕುಕ್ಕೆಯ ಕುಮಾರಧಾರಾ ಸ್ನಾನಘಟ್ಟಗಳಲ್ಲೂ ಅಷ್ಟೇ, ಮುಳುಗು ಹಾಕುವ ಜಾಗ ಸೊಂಟದ ಮಟ್ಟದ್ದು. ಈ ಕೆಲಸಕ್ಕೆ 60 ಮೀಟರ್ ತಾಳುವ ಮೆಷಿನ್ ಯಾಕೆ? 3 ಮೀಟರ್, 5 ಮೀಟರ್ ಧಾರಾಳವಾಗಿ ಸಾಕು. ನೇತ್ರಾಣಿ ದ್ವೀಪದಲ್ಲಿ ಸಿಲಿಂಡರ್ ಕಟ್ಟಿಕೊಂಡು ಇಳಿಯುವವರ ಕಥೆ ಬೇರೆ. ಅವರಿಗೆ 20 ಮೀಟರ್ ತಾಳುವ ಎಕ್ಸ್‌ಪಿ ಡ್ಯೂಸ್ 2, 200 ಅಡಿ ತಾಳುವ ಗ್ಯಾರೆಟ್ ಸೀ ಹಂಟರ್ ಮಾರ್ಕ್ 2 ಇಂಥ ಮೆಷಿನ್‌ಗಳು ಬೇಕಾಗಬಹುದು. ಆದರೆ ಆ ಮಟ್ಟಕ್ಕೆ ಹೋಗುವ ಮೊದಲು ಡೈವಿಂಗ್ ತರಬೇತಿ ಬೇಕು. ಮೆಷಿನ್ 60 ಮೀಟರ್ ತಾಳುತ್ತದೆ ಅಂದರೆ ನೀವೂ ತಾಳುತ್ತೀರಿ ಅಂತ ಅಲ್ಲವಲ್ಲ.

ಹಾಗಾದರೆ ಮೊದಲು ಕೇಳಬೇಕಾದ್ದು ಏನು? ನನ್ನ ಪ್ರಕಾರ ಎರಡೇ. ಉಪ್ಪುನೀರೋ ಸಿಹಿನೀರೋ? ಹುಡುಕುವ ಒಡವೆಯ ಆಕಾರ ಯಾವುದು? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಅರ್ಧಕ್ಕರ್ಧ ಮೆಷಿನ್‌ಗಳು ತಾವಾಗಿ ಪಟ್ಟಿಯಿಂದ ಬಿದ್ದು ಹೋಗುತ್ತವೆ.

ಉಪ್ಪಿನ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ಇಲ್ಲಿ ಕೂತವರೆಲ್ಲ ಕಡಲ ಬದಿಯವರು. ಡಿಟೆಕ್ಟರ್ ಲೋಹವನ್ನು ನೋಡುವುದಿಲ್ಲ, ಕರೆಂಟ್ ಹರಿಯುವ ವಸ್ತುವನ್ನು ನೋಡುತ್ತದೆ. ಉಪ್ಪುನೀರಿನಲ್ಲಿ ಕರೆಂಟ್ ಹರಿಯುತ್ತದೆ. ಹಾಗಾಗಿ ಸಾಮಾನ್ಯ ಡಿಟೆಕ್ಟರ್‌ಗೆ ಇಡೀ ಸಮುದ್ರವೇ ಒಂದು ದೊಡ್ಡ, ಬಲ ಕಡಿಮೆಯ ಲೋಹದ ಹಾಳೆ. ಒಂದೇ ಫ್ರೀಕ್ವೆನ್ಸಿಯಲ್ಲಿ, ಅಂದರೆ ಸೆಕೆಂಡಿಗೆ ಇಂತಿಷ್ಟೇ ಸಲ ಕಂಪಿಸುವ ಒಂದೇ ಸಿಗ್ನಲ್‌ನಲ್ಲಿ, ಕೆಲಸ ಮಾಡುವ ಮೆಷಿನ್ ತೆಗೆದುಕೊಂಡು ಒದ್ದೆ ಮರಳಿಗೆ ಇಳಿಯಿರಿ, ಕಾಯಿಲ್ ಅಲ್ಲಾಡಿಸಿದಾಗಲೆಲ್ಲ ಕಿರುಚುತ್ತದೆ. ಎಲ್ಲಕ್ಕಿಂತ ಹೆಚ್ಚು ತರಲೆ ಮಾಡುವ ಜಾಗ ಅಲೆ ಬಂದು ಹಿಂದೆ ಸರಿಯುವ ಪಟ್ಟಿ. ಒಂದು ಕ್ಷಣ ಕಾಯಿಲ್ ಕೆಳಗೆ ನೀರು, ಮರುಕ್ಷಣ ಬರೀ ಒದ್ದೆ ಮರಳು. ಪೂರ್ತಿ ಮುಳುಗಿಸಿ ಹಿಡಿದರೆ ಅದಕ್ಕಿಂತ ಶಾಂತವಾಗಿರುತ್ತದೆ.

ಇಲ್ಲಿ ಒಂದು ಒಳಜಗಳ ಇದೆ, ಅದನ್ನು ಅರ್ಥ ಮಾಡಿಕೊಂಡರೆ ಬೆಲೆ ಯಾಕೆ ಹಾಗಿದೆ ಎನ್ನುವುದೂ ಅರ್ಥವಾಗುತ್ತದೆ. ಸಣ್ಣ ಚಿನ್ನ, ಅಂದರೆ ಓಲೆ, ಮೂಗುಬೊಟ್ಟು, ತೆಳು ಉಂಗುರ, ಇವು ಚೆನ್ನಾಗಿ ಕೇಳಬೇಕಾದರೆ ಹೆಚ್ಚಿನ ಫ್ರೀಕ್ವೆನ್ಸಿ ಬೇಕು. ಆದರೆ ಉಪ್ಪುನೀರು ಗಲಾಟೆ ಮಾಡುವುದೂ ಹೆಚ್ಚಿನ ಫ್ರೀಕ್ವೆನ್ಸಿಯಲ್ಲೇ. ಫ್ರೀಕ್ವೆನ್ಸಿ ಇಳಿಸಿದರೆ ಉಪ್ಪು ಸುಮ್ಮನಾಗುತ್ತದೆ, ಜೊತೆಗೆ ಓಲೆಯೂ ಸುಮ್ಮನಾಗುತ್ತದೆ. ಇದಕ್ಕೆ ಎರಡು ದಾರಿ ಕಂಡುಕೊಂಡಿದ್ದಾರೆ.

ಒಂದು, ಒಟ್ಟಿಗೆ ಹಲವು ಫ್ರೀಕ್ವೆನ್ಸಿ ಕಳಿಸಿ, ಬಂದ ಉತ್ತರಗಳನ್ನು ಹೋಲಿಸಿ, ಉಪ್ಪಿನ ಪಾಲನ್ನು ಕಳೆದುಬಿಡುವುದು. ಮೈನ್‌ಲ್ಯಾಬ್ ಕಂಪನಿಯ ಹಳೇ ಎಕ್ಸ್‌ಕ್ಯಾಲಿಬರ್ ಇದೇ ಕೆಲಸ ಮಾಡುತ್ತದೆ, 1.5ರಿಂದ 25.5 ಕಿಲೋಹರ್ಟ್ಸ್‌ವರೆಗೆ 17 ಫ್ರೀಕ್ವೆನ್ಸಿ ಎಂದು ಕಂಪನಿ ಹೇಳುತ್ತದೆ. ಪರದೆ ಇಲ್ಲ, ಬರೀ ಶಬ್ದ, ಭಾರ ಬೇರೆ. ಆದರೂ ಅದನ್ನು ಬಿಡಲೊಲ್ಲದ ಹಳಬರು ಹೊರದೇಶಗಳಲ್ಲಿ ಇದ್ದಾರೆ. 2018ರಲ್ಲಿ ಅದೇ ಕಂಪನಿಯ ಈಕ್ವಿನಾಕ್ಸ್ 600, 800 ಬಂದ ಮೇಲೆ ಸಂತೆ ಬದಲಾಯಿತು. 800ಕ್ಕೆ ಅಮೆರಿಕದಲ್ಲಿ ಸುಮಾರು 900 ಡಾಲರ್ ಇಟ್ಟಿದ್ದರು. ಹಗುರ, ಬಹು ಫ್ರೀಕ್ವೆನ್ಸಿ, 3 ಮೀಟರ್ ನೀರು ತಾಳುತ್ತದೆ. ಅದರ ಮುಂದಿನ 700, 900 ಮಾದರಿಗಳು 5 ಮೀಟರ್. ಟರ್ಕಿಯ ನೋಕ್ಟಾ ಕಂಪನಿಯ ಲೆಜೆಂಡ್, ಫ್ರಾನ್ಸಿನ ಎಕ್ಸ್‌ಪಿ ಡ್ಯೂಸ್ 2 ಎಲ್ಲ ಇದೇ ಸಾಲಿನವು.

ಎರಡನೆಯದು ಪಲ್ಸ್ ಇಂಡಕ್ಷನ್, ಚಿಕ್ಕದಾಗಿ ಪಿಐ. ಇದು ಗಂಟೆ ಬಾರಿಸಿ ಕಿವಿಗೊಟ್ಟ ಹಾಗೆ. ಕಾಯಿಲ್ ಒಂದು ಜೋರು ಪಲ್ಸ್ ಕೊಟ್ಟು ಸುಮ್ಮನಾಗುತ್ತದೆ, ಆಮೇಲೆ ಸ್ವಲ್ಪ ಮೈಕ್ರೋಸೆಕೆಂಡ್ ಬಿಟ್ಟು ಕೇಳುತ್ತದೆ. ಉಪ್ಪುನೀರಿನಲ್ಲಿ ಹುಟ್ಟಿದ ಕರೆಂಟ್ ಅಷ್ಟರಲ್ಲಿ ಸತ್ತು ಹೋಗಿರುತ್ತದೆ, ಲೋಹದ್ದು ಇನ್ನೂ ಉಳಿದಿರುತ್ತದೆ. ಹಾಗಾಗಿ ಉಪ್ಪಿನ ಕಾಟವೇ ಇಲ್ಲ. ಕಪ್ಪು ಮರಳಿನ ಕಾಟವೂ ಬಹಳ ಕಡಿಮೆ. ಕಾರವಾರದ ಆಚೆ ತಿಳಮಾತಿ ಬೀಚ್ ಇದೆಯಲ್ಲ, ಎಳ್ಳಿನ ಹಾಗೆ ಕಪ್ಪು ಮರಳು, ಅಂಥ ಕಡೆ ಪಿಐ ಗೆಲ್ಲುತ್ತದೆ. ಮತ್ತೆ ತೊಂದರೆ ಏನು? ಎರಡಿವೆ. ತೀರಾ ತೆಳು ಚಿನ್ನದ ಕರೆಂಟ್ ಕೂಡ ಉಪ್ಪಿನಷ್ಟೇ ಬೇಗ ಸಾಯುತ್ತದೆ, ಹಾಗಾಗಿ ಸಣ್ಣ ಓಲೆ ತಪ್ಪಿ ಹೋಗಬಹುದು. ಇನ್ನೊಂದು, ಸಾಮಾನ್ಯ ಪಿಐಗೆ ಕಬ್ಬಿಣ ಯಾವುದು ಚಿನ್ನ ಯಾವುದು ಅಂತ ಹೇಳಲು ಬರುವುದಿಲ್ಲ, ಎಲ್ಲದಕ್ಕೂ ಒಂದೇ ಕೂಗು.

"ಹಾಗಾದರೆ ನಮ್ಮ ಬಂದರಿನ ಹತ್ತಿರ?" ಅಂತ ಹಿಂದಿನಿಂದ ಒಬ್ಬರು ಕೇಳಿದರು. ಪ್ರಶ್ನೆಯಲ್ಲೇ ಉತ್ತರ ಇತ್ತು, ಎಲ್ಲರೂ ನಕ್ಕರು. ದೋಣಿಯ ಮೊಳೆ, ಗಾಳದ ಮುಳ್ಳು, ತುಂಡಾದ ವೈರ್ ರೋಪ್, ತುಕ್ಕು ಹಿಡಿದ ಬೋಲ್ಟ್. ಬಂದರಿನ ಬದಿಯಲ್ಲಿ ಪಿಐ ಹಿಡಿದರೆ ಇಡೀ ದಿನ ಗುಜರಿ ಎತ್ತುವುದೇ ಕೆಲಸ. ಅಲ್ಲಿಗೆ ಬಹು ಫ್ರೀಕ್ವೆನ್ಸಿಯೇ ಸರಿ. ಜನ ಸ್ನಾನಕ್ಕೆ ಇಳಿಯುವ ಬರೀ ಮರಳಿನ ಬೀಚ್ ಆದರೆ ಪಿಐ ಕೂಡ ನಡೆಯುತ್ತದೆ. ನೋಕ್ಟಾದ ಪಲ್ಸ್‌ಡೈವ್ ಎಂಬ ಕೈಗಾತ್ರದ ಪಿಐ ಇದೆ, 60 ಮೀಟರ್ ತಾಳುತ್ತದೆ, ದೊಡ್ಡವುಗಳ ಎದುರು ಬೆಲೆಯೂ ಕಡಿಮೆ. ಆದರೆ ಅದರ ಕಾಯಿಲ್ ಅಂಗೈಯಷ್ಟು. ಮುಳುಗಿ ನೆಲಕ್ಕೆ ತಾಗಿಸಿಕೊಂಡು ಹುಡುಕುವವರಿಗೆ ಅದು ಸರಿ, ನಿಂತು ಬೀಸಿ ಹುಡುಕಲು ಅಲ್ಲ.

ಸಿಹಿನೀರಿಗೆ ಇಷ್ಟೆಲ್ಲ ತಲೆಬಿಸಿ ಇಲ್ಲ. ಕಾವೇರಿ, ತುಂಗಾ, ಕೆರೆ, ಈಜುಕೊಳ, ಇಲ್ಲೆಲ್ಲ ಒಂದೇ ಫ್ರೀಕ್ವೆನ್ಸಿಯ ಮೆಷಿನ್ ಸಾಕು. ಗ್ಯಾರೆಟ್ ಎಟಿ ಪ್ರೊ 15 ಕಿಲೋಹರ್ಟ್ಸ್‌ನದು, 3 ಮೀಟರ್ ತಾಳುತ್ತದೆ, ಸಣ್ಣ ಚಿನ್ನಕ್ಕೆ ಒಳ್ಳೆಯದು. ನದಿಯಲ್ಲಿ ತಲೆನೋವು ಬೇರೆ ಇದೆ. ಒಂದು, ನಮ್ಮ ಕಡೆಯ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಅದರಲ್ಲಿ ಕಬ್ಬಿಣದ ಅಂಶ ತುಂಬ ಇರುವುದರಿಂದ ಕೆಲವು ಕಲ್ಲಿನ ತುಂಡುಗಳು ಲೋಹದ ಹಾಗೇ ಕೂಗುತ್ತವೆ. ಗ್ರೌಂಡ್ ಬ್ಯಾಲೆನ್ಸ್, ಅಂದರೆ ನೆಲದ ಕೂಗನ್ನು ಲೆಕ್ಕದಿಂದ ಬಿಡುವ ಹೊಂದಾಣಿಕೆ, ಸರಿಪಡಿಸಲು ಬರುವ ಮೆಷಿನ್ ತಗೊಳ್ಳಿ ಅನ್ನುವುದು ಅದಕ್ಕೇ.

ಇನ್ನೊಂದು ಸ್ನಾನಘಟ್ಟದ ಚಿಲ್ಲರೆ. ಇದು ಸ್ವಲ್ಪ ಮಜಾ ಇದೆ. ನಮ್ಮ ಒಂದು, ಎರಡು ರೂಪಾಯಿ ನಾಣ್ಯಗಳು ಈಗ ಸ್ಟೇನ್‌ಲೆಸ್ ಸ್ಟೀಲಿನವು, ಅದೂ ಅಯಸ್ಕಾಂತಕ್ಕೆ ಅಂಟುವ ಜಾತಿಯವು. ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ಹೊಳೆಗೆ ಎಸೆದು ಹುಡುಗರು ಚಿಲ್ಲರೆ ಎತ್ತುತ್ತಾರಲ್ಲ, ಅದು ಸಾಧ್ಯವಾಗುವುದು ಇದರಿಂದಲೇ. ಡಿಟೆಕ್ಟರ್‌ಗೆ ಈ ನಾಣ್ಯ ಕಬ್ಬಿಣದ ಲೆಕ್ಕ. ನೀವು ಕಬ್ಬಿಣ ಬೇಡ ಎಂದು ಸೆಟ್ ಮಾಡಿಟ್ಟರೆ ನಾಣ್ಯದ ಪಕ್ಕ ಒತ್ತಿಕೊಂಡಿರುವ ಉಂಗುರವನ್ನೂ ಅದು ಮುಚ್ಚಿ ಹಾಕುತ್ತದೆ. ಇಂಥ ಕಡೆ ದೊಡ್ಡ ಕಾಯಿಲ್ ಹಾಕಿದರೆ ಒಂದೇ ಸಲ ನಾಲ್ಕು ನಾಣ್ಯ ಅದರ ಕೆಳಗೆ ಬರುತ್ತದೆ, ಏನೂ ಬಿಡಿಸಿ ಹೇಳಲು ಆಗುವುದಿಲ್ಲ. 6 ಇಂಚಿನ ಸಣ್ಣ ಕಾಯಿಲ್ ಬೇಕು. ಅದಕ್ಕೂ ಮೊದಲು ಆ ಹುಡುಗರ ಕೈಯಲ್ಲೇ ಒಂದು ಸುತ್ತು ಅಯಸ್ಕಾಂತ ಎಳೆಸಿ ಜಾಗ ಚೊಕ್ಕ ಮಾಡಿಸಿಕೊಳ್ಳಿ. ಚಿಲ್ಲರೆ ಅವರಿಗೆ, ಉಂಗುರ ನಿಮಗೆ.

ಈಗ ಒಡವೆಯ ಆಕಾರ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭ ಅಂತ ಮರದ ಮೇಜಿನ ಮೇಲೆ ಡಿಟೆಕ್ಟರ್ ಮಲಗಿಸಿ, ಕಾಯಿಲ್ ಅಂಚಿನಿಂದ ಹೊರಗೆ ಚಾಚುವಂತೆ ಇಟ್ಟೆ. ಮರದ ಮೇಜೇ ಯಾಕೆ ಅಂದರೆ, 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಗುಂಡೇಟು ತಿಂದು ಮಲಗಿದ್ದಾಗ ಟೆಲಿಫೋನಿನ ಗ್ರಹಾಂ ಬೆಲ್ ತಾನೇ ಮಾಡಿದ ಲೋಹಶೋಧಕ ತಂದು ಮೈಯೊಳಗಿನ ಗುಂಡು ಹುಡುಕಿದ, ಸಿಗಲಿಲ್ಲ. ಹಾಸಿಗೆಯ ಸ್ಟೀಲ್ ಸ್ಪ್ರಿಂಗುಗಳು ಮೆಷಿನನ್ನು ದಾರಿ ತಪ್ಪಿಸಿದವು ಅಂತ ಆಮೇಲೆ ಹೇಳಿದರು. ನೀವೂ ನೀರಿಗಿಳಿಯುವಾಗ ಕೈಗಡಿಯಾರ, ಕಡಗ ಕಳಚಿಟ್ಟು ಹೋಗಿ.

ಮೊದಲು ಒಂದು ಮದುವೆ ಉಂಗುರ ಕಾಯಿಲ್ ಎದುರು ಹಿಡಿದೆ. ಒಂದು ಗೇಣು ದೂರದಿಂದಲೇ ಸ್ಪಷ್ಟವಾಗಿ ಕೂಗಿತು. ಆಮೇಲೆ ಹೆಚ್ಚುಕಡಿಮೆ ಅಷ್ಟೇ ತೂಕದ ಇನ್ನೊಂದು ಉಂಗುರ. ಅದು ಯಾರದೋ ಊದಿಕೊಂಡ ಬೆರಳಿನಿಂದ ತೆಗೆಯಲು ಕತ್ತರಿಸಿದ್ದು, ಒಂದು ಕಡೆ ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು. ಅದು ಕಾಯಿಲ್‌ಗೆ ತೀರಾ ಹತ್ತಿರ ತಂದಾಗ ಮಾತ್ರ ಸಣ್ಣದಾಗಿ ಉಲಿಯಿತು. ಚಿನ್ನ ಅಷ್ಟೇ ಇದೆ, ಆದರೆ ಕರೆಂಟ್‌ಗೆ ಪೂರ್ತಿ ಸುತ್ತು ಹಾಕಲು ದಾರಿ ಇಲ್ಲ. ಡಿಟೆಕ್ಟರ್‌ಗೆ ಚಿನ್ನದ ತೂಕಕ್ಕಿಂತ ಆ ಸುತ್ತು ಮುಖ್ಯ.

ಮೂರನೆಯದು ತೆಳುವಾದ ಚೈನ್, ಆ ಉಂಗುರಕ್ಕಿಂತ ಹೆಚ್ಚು ತೂಕದ್ದು. ಉದ್ದಕ್ಕೆ ಹಿಡಿದರೂ ಸದ್ದಿಲ್ಲ, ಅಂಗೈಯಲ್ಲಿ ಮುದ್ದೆ ಮಾಡಿ ಹಿಡಿದರೂ ಸದ್ದಿಲ್ಲ. ಕೊಂಡಿಯ ಭಾಗ ಕಾಯಿಲ್‌ಗೆ ತಾಗುವ ಹಾಗೆ ತಂದಾಗ ಸ್ವಲ್ಪ ಕೇಳಿತು. ಕಾರಣ ಅದೇ. ಚೈನಿನ ಒಂದೊಂದು ಕೊಂಡಿಯೂ ಬೇರೆ ಬೇರೆ, ಒಂದಕ್ಕೊಂದು ಸುಮ್ಮನೆ ತಾಗಿಕೊಂಡಿರುತ್ತವೆ. ಮೆಷಿನ್‌ಗೆ ಅದು ಒಂದು ಚೈನ್ ಅಲ್ಲ, ನೂರಾರು ಚೂರು. ಮುಂದೆ ಕೂತಿದ್ದ ಅಕ್ಕ ಒಬ್ಬರು ಕೂಡಲೇ ಕೇಳಿದರು, "ಹಾಗಾದ್ರೆ ಕರಿಮಣಿ ಕಳೆದ್ರೆ ಸಿಗೋದಿಲ್ವಾ?"

ಸಿಗುತ್ತದೆ. ಮಣಿ ಗಾಜಿನದು, ಅದು ಕೇಳುವುದಿಲ್ಲ. ಸರ ಕೇಳುವುದು ಕಷ್ಟ. ಆದರೆ ತಾಳಿ ಇದೆಯಲ್ಲ, ಅದು ಗಟ್ಟಿ ತಗಡು, ಅದರಲ್ಲಿ ಕರೆಂಟ್ ಸುತ್ತಲು ಜಾಗ ಇದೆ. ಆ ಅಕ್ಕ ತಮ್ಮ ಕರಿಮಣಿಯನ್ನೇ ಕೊರಳಿಂದ ಮುಂದೆ ಎತ್ತಿ ಹಿಡಿದರು, ತಾಳಿ ಹತ್ತಿರ ಬಂದ ಕೂಡಲೇ ಮೆಷಿನ್ ಕೂಗಿತು. ಹಾಗಾಗಿ ಕರಿಮಣಿ ಹುಡುಕುವಾಗ ನೀವು ಹುಡುಕುವುದು ಎರಡು ಬಟಾಣಿಯಷ್ಟು ಅಗಲದ ವಸ್ತುವನ್ನು. ಕಾಯಿಲ್ ಬೀಸುವಾಗ ಒಂದು ಬೀಸಿನ ಮೇಲೆ ಇನ್ನೊಂದು ಅರ್ಧದಷ್ಟು ಬರುವ ಹಾಗೆ, ನಿಧಾನ ಬೀಸಬೇಕು. ತಾಳಿ ಇಲ್ಲದ ಬರೀ ತೆಳು ಸರ ಕಳೆದುಕೊಂಡವರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ, ಆಸೆ ಕಡಿಮೆ ಇಟ್ಟುಕೊಳ್ಳಿ ಅಂತ.

ವಜ್ರ, ಮುತ್ತು, ಹವಳ ಯಾವ ಮೆಷಿನ್‌ಗೂ ಕಾಣುವುದಿಲ್ಲ, ಅದನ್ನು ಕೂರಿಸಿದ ಲೋಹ ಮಾತ್ರ ಕಾಣುತ್ತದೆ. ಕಾಲುಂಗುರ ಬೆಳ್ಳಿಯದು, ಬೆಳ್ಳಿ ಜೋರಾಗಿ ಕೂಗುತ್ತದೆ. ಆದರೆ ಹಾಕಿ ತೆಗೆಯಲು ಅನುಕೂಲವಾಗಲಿ ಅಂತ ಹೆಚ್ಚಿನ ಕಾಲುಂಗುರಗಳಿಗೆ ಹಿಂದೆ ಬಾಯಿ ಬಿಟ್ಟಿರುತ್ತಾರೆ, ಹಾಗಾಗಿ ಅದಕ್ಕೂ ಕತ್ತರಿಸಿದ ಉಂಗುರದ ಗತಿಯೇ.

ಪರದೆಯ ಮೇಲೆ ಬರುವ ನಂಬರ್ ಬಗ್ಗೆ ಒಂದು ಮಾತು. ಬಹಳಷ್ಟು ಮೆಷಿನ್‌ಗಳು ಸಿಕ್ಕ ವಸ್ತು ಎಂಥದ್ದು ಎನ್ನುವುದಕ್ಕೆ ಒಂದು ನಂಬರ್ ತೋರಿಸುತ್ತವೆ. "ಚಿನ್ನದ ನಂಬರ್ ಎಷ್ಟು?" ಅಂತ ಕೇಳಬೇಡಿ. ಅಂಥದ್ದೊಂದು ಇಲ್ಲ. ತೆಳು ಉಂಗುರ ಕೆಳಗೆ, ದಪ್ಪ ಉಂಗುರ ಮೇಲೆ, ಅಷ್ಟೇ ಗಾತ್ರದ 14 ಕ್ಯಾರೆಟ್‌ಗಿಂತ ನಮ್ಮ 22 ಕ್ಯಾರೆಟ್ ಇನ್ನೂ ಸ್ವಲ್ಪ ಮೇಲೆ. ಹೊರದೇಶದವರು ತಮ್ಮ 10, 14 ಕ್ಯಾರೆಟ್ ಉಂಗುರ ಇಟ್ಟು ಮಾಡಿದ ವೀಡಿಯೊದ ನಂಬರ್ ನಮ್ಮ 916ಕ್ಕೆ ಹೊಂದುವುದಿಲ್ಲ. ಅದರ ಜೊತೆ ಮಾತ್ರೆ ಪಟ್ಟಿಯ ಅಲ್ಯೂಮಿನಿಯಂ ಹಾಳೆ, ಬಿಯರ್ ಕ್ಯಾನಿನ ಕಿವಿ, ಇವೆಲ್ಲ ಚಿನ್ನದ ಸಾಲಲ್ಲೇ ಬಂದು ಕೂರುತ್ತವೆ. ಕಸ ಬೇಡ ಅಂತ ಅವನ್ನು ಬಿಟ್ಟರೆ ಉಂಗುರವನ್ನೂ ಬಿಟ್ಟ ಹಾಗೆ. ಕಬ್ಬಿಣ ಅಲ್ಲದ್ದು ಏನೇ ಕೂಗಿದರೂ ಎತ್ತಿ ನೋಡುವುದೇ ದಾರಿ.

ಇದೇ ಜಾಗದಲ್ಲಿ ಒಂದು ಎಚ್ಚರಿಕೆ. ನಿಧಿ ಹುಡುಕುವ ಹುಚ್ಚು ನಮ್ಮ ರಾಜ್ಯದಲ್ಲಿ ಕಡಿಮೆಯೇನಿಲ್ಲ. ಆ ಹುಚ್ಚನ್ನು ನಂಬಿ "ಲಾಂಗ್ ರೇಂಜ್ ಲೊಕೇಟರ್" ಅಂತ ಎರಡು ಆಂಟೆನಾ ಕಡ್ಡಿ ಇರುವ ವಸ್ತು ಮಾರುತ್ತಾರೆ, ನೂರು ಮೀಟರ್ ದೂರದಿಂದ ಬರೀ ಚಿನ್ನ ಮಾತ್ರ ತೋರಿಸುತ್ತದೆ ಎನ್ನುತ್ತಾರೆ. ಆರನೇ ಘಾತದ ಲೆಕ್ಕ ಆಗಲೇ ಹೇಳಿದೆನಲ್ಲ, ಅದರ ಮುಂದೆ ಇದೆಲ್ಲ ಸುಳ್ಳು. ಇಂಥದ್ದೇ ಎಡಿಇ 651 ಎಂಬ ಕಡ್ಡಿಯನ್ನು ಬಾಂಬ್ ಪತ್ತೆ ಯಂತ್ರ ಅಂತ ಇರಾಕಿಗೆ ಮಾರಿದ ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ 10 ವರ್ಷ ಜೈಲಾಯಿತು. ಅದರ ಮೂಲ ಗಾಲ್ಫ್ ಚೆಂಡು ಹುಡುಕಲು ಅಂತ ಮಾರುತ್ತಿದ್ದ ಒಂದು ಆಟಿಕೆ.

ಈಗ ಮೆಷಿನ್ ಕೈಗೆತ್ತಿಕೊಂಡು ಏನು ನೋಡಬೇಕು? ಮೊದಲು ವಾಟರ್‌ಪ್ರೂಫ್ ಎಂಬ ಮಾತು. ಕಾಯಿಲ್ ಮಾತ್ರ ವಾಟರ್‌ಪ್ರೂಫ್ ಆಗಿದ್ದು ಮೇಲಿನ ಪೆಟ್ಟಿಗೆ ಅಲ್ಲದ ಮೆಷಿನ್‌ಗಳೇ ಜಾಸ್ತಿ. ಗ್ಯಾರೆಟ್ ಏಸ್ ಸಾಲಿನವು, ಮೈನ್‌ಲ್ಯಾಬ್ ವ್ಯಾಂಕ್ವಿಶ್ ಎಲ್ಲ ಹಾಗೇ. ಮೊಣಕಾಲು ನೀರಿಗೆ ಅವು ಸಾಲಬಹುದು, ಆದರೆ ಒಂದು ಅಲೆ ಜೋರಾಗಿ ಬಂದರೆ ಮುಗಿಯಿತು. ನಮ್ಮೂರಿನ ಒಬ್ಬರು ಆನ್‌ಲೈನಿನಲ್ಲಿ ವಾಟರ್‌ಪ್ರೂಫ್ ಅಂತ ಬರೆದದ್ದು ನೋಡಿ ತರಿಸಿದರು. ಮೊದಲ ವಾರವೇ ಪೆಟ್ಟಿಗೆಯೊಳಗೆ ನೀರು. ಮಾರಿದವರನ್ನು ಕೇಳಿದರೆ "ಕಾಯಿಲ್ ವಾಟರ್‌ಪ್ರೂಫ್ ಸರ್, ನಾವು ಬರೆದದ್ದು ಸರಿಯೇ ಇದೆ" ಅಂದರು! ಧೂಳು, ನೀರು ತಡೆಯುವ ಮಟ್ಟ ಹೇಳುವ ಐಪಿ68 ಎಂಬ ಗುರುತು ಇದ್ದರೂ ಎಷ್ಟು ಮೀಟರ್ ಎನ್ನುವುದನ್ನು ಕಂಪನಿಯೇ ನಿಗದಿ ಮಾಡಿರುತ್ತದೆ, ಹಾಗಾಗಿ ಮ್ಯಾನ್ಯುಯಲ್ ತೆಗೆದು ಪೆಟ್ಟಿಗೆಗೆ ಎಷ್ಟು ಮೀಟರ್ ಅಂತ ಓದಿ.

ನೀರು ನುಗ್ಗುವುದು ಹೆಚ್ಚಾಗಿ ಬ್ಯಾಟರಿ ಮುಚ್ಚಳದಿಂದ. ಮುಚ್ಚಳದ ಸುತ್ತ ಕಪ್ಪು ರಬ್ಬರಿನ ಓ-ರಿಂಗ್ ಇರುತ್ತದೆ. ಅದರ ಮೇಲೆ ಒಂದೇ ಒಂದು ಮರಳಿನ ಕಣ, ಒಂದು ಕೂದಲು ಸಿಕ್ಕಿಕೊಂಡರೂ ಸಾಕು. ಬೀಚಿನಲ್ಲೇ ಕೂತು ಒದ್ದೆ ಕೈಯಲ್ಲಿ ಮುಚ್ಚಳ ತೆಗೆಯಬೇಡಿ. ಮೊದಲು ಸಿಹಿನೀರಿನಲ್ಲಿ ಪೂರ್ತಿ ತೊಳೆದು, ಒರೆಸಿ, ಆಮೇಲೆ ತೆಗೆಯಿರಿ. ಓ-ರಿಂಗ್ ಮೇಲೆ ಬೆರಳು ಓಡಿಸಿದರೆ ಕಣ ಇದ್ದರೆ ಕೈಗೆ ಗೊತ್ತಾಗುತ್ತದೆ. ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ ಮುಚ್ಚಿ. ಈಗ ಬರುವ ಮೆಷಿನ್‌ಗಳಲ್ಲಿ ಬ್ಯಾಟರಿ ಒಳಗೇ ಸೀಲ್ ಆಗಿರುತ್ತದೆ, ಅದು ಈ ಕಾಟಕ್ಕೆ ಒಳ್ಳೆಯದು. ಆದರೆ ಬ್ಯಾಟರಿ ಹೋದ ದಿನ ಕಂಪನಿಗೇ ಕಳಿಸಬೇಕಾದೀತು. ನಮ್ಮ ದೇಶದಲ್ಲಿ ಸರ್ವಿಸ್ ಎಲ್ಲಿದೆ ಎಂದು ತೆಗೆದುಕೊಳ್ಳುವ ಮೊದಲು ಕೇಳಿ.

ಹೆಡ್‌ಫೋನ್ ಇನ್ನೊಂದು ಎಡವುವ ಜಾಗ. ಬ್ಲೂಟೂತ್ ನೀರೊಳಗೆ ನಡೆಯುವುದಿಲ್ಲ, ಆ ರೇಡಿಯೊ ಅಲೆಗಳು ಕೆಲವು ಸೆಂಟಿಮೀಟರ್ ನೀರಿನಲ್ಲೇ ಸತ್ತು ಹೋಗುತ್ತವೆ. ತಲೆ ಮುಳುಗಿಸುವವರಿಗೆ ವೈರ್ ಇರುವ ವಾಟರ್‌ಪ್ರೂಫ್ ಹೆಡ್‌ಫೋನ್ ಬೇಕು, ಬಹಳ ಸಲ ಅದನ್ನು ಬೇರೆಯೇ ಕೊಳ್ಳಬೇಕು, ಬೆಲೆ ಕೇಳಿ ಎದೆ ಹಿಡಿದುಕೊಳ್ಳಬೇಡಿ. ಡ್ಯೂಸ್ 2ರಲ್ಲಂತೂ ಕಾಯಿಲ್‌ಗೂ ಮೇಲಿನ ರಿಮೋಟ್‌ಗೂ ನಡುವೆ ವೈರೇ ಇಲ್ಲ, ನೀರಿಗಿಳಿಯುವಾಗ ಆಂಟೆನಾ ವೈರ್ ಒಂದನ್ನು ಕೋಲಿನ ಉದ್ದಕ್ಕೆ ಕಟ್ಟಿಕೊಳ್ಳಬೇಕು. ಅದು ಇಲ್ಲದೆ ಸೆಕೆಂಡ್ ಹ್ಯಾಂಡ್ ಕೊಂಡರೆ ದಡದಲ್ಲೇ ಓಡಾಡಿಕೊಂಡಿರಬೇಕು.

ಸ್ಕೂಪ್ ಬಗ್ಗೆ ಯಾರೂ ಕೇಳುವುದಿಲ್ಲ, ನನಗೆ ಅದೇ ಬೇಜಾರು. ಉದ್ದ ಹಿಡಿ, ತಳದಲ್ಲಿ ತೂತುಗಳಿರುವ ಸ್ಟೀಲಿನ ಬುಟ್ಟಿ. ಎದೆಮಟ್ಟದ ನೀರಿನಲ್ಲಿ ಮೆಷಿನ್ ಕೂಗಿದರೆ ಬಗ್ಗಿ ಕೈಯಲ್ಲಿ ತೋಡಲು ಆಗುತ್ತದೆಯೇ? ತೋಡಿದ ಗುಂಡಿ ಅಲೆಗೆ ಕ್ಷಣದಲ್ಲಿ ಮುಚ್ಚುತ್ತದೆ, ಉಂಗುರ ಇನ್ನೂ ಕೆಳಗೆ ಹೋಗುತ್ತದೆ. ನಮ್ಮೂರಿನ ವೆಲ್ಡಿಂಗ್ ಅಂಗಡಿಯವರೇ ಚೆನ್ನಾಗಿ ಮಾಡಿಕೊಡುತ್ತಾರೆ. ತೂತು ಮಾತ್ರ ನಿಮ್ಮ ಮೂಗುಬೊಟ್ಟು ಜಾರುವಷ್ಟು ದೊಡ್ಡದಿರಬಾರದು. ಜೊತೆಗೆ ನೀರು ತಾಳುವ ಪಿನ್‌ಪಾಯಿಂಟರ್, ಅಂದರೆ ಟಾರ್ಚ್ ಗಾತ್ರದ ಸಣ್ಣ ಡಿಟೆಕ್ಟರ್, ಇದ್ದರೆ ಕಲ್ಲಿನ ಸಂದಿಗೆ ಅನುಕೂಲ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಹೇಳಬೇಕು. ಎಷ್ಟೋ ಸಲ ನೀರೊಳಗಿನ ಡಿಟೆಕ್ಟರೇ ಬೇಡ. ಹುಣ್ಣಿಮೆ, ಅಮಾವಾಸ್ಯೆಯ ಸುತ್ತಮುತ್ತ ಇಳಿತ ಜಾಸ್ತಿ ಇರುತ್ತದೆ. ಇಳಿತದ ಹೊತ್ತು ನೋಡಿಕೊಂಡು ಹೋದರೆ ನಿನ್ನೆ ಸೊಂಟದ ನೀರಿದ್ದ ಜಾಗದಲ್ಲಿ ಪಾದ ಮುಳುಗುವಷ್ಟು ನೀರು ಇರಬಹುದು. ತಡ ಮಾಡಬಾರದು ಅಷ್ಟೇ. ಒಂದು ಘನ ಸೆಂಟಿಮೀಟರ್ 22 ಕ್ಯಾರೆಟ್ ಚಿನ್ನ ಸುಮಾರು ಹದಿನೇಳೂವರೆ ಗ್ರಾಂ ತೂಗುತ್ತದೆ, ಮರಳಿನ ಕಣ ಅಷ್ಟೇ ಗಾತ್ರಕ್ಕೆ ಎರಡೂವರೆ ಗ್ರಾಂ ಚಿಲ್ಲರೆ. ಅಲೆ ಮರಳನ್ನು ಕದಡಿದಾಗಲೆಲ್ಲ ಚಿನ್ನ ಕೆಳಕೆಳಗೆ ಇಳಿಯುತ್ತದೆ, ಗಟ್ಟಿ ಜೇಡಿಯೋ ಚಿಪ್ಪಿನ ಪದರವೋ ಸಿಗುವ ತನಕ. ನಾಲ್ಕು ದಿನದ ಮೇಲೆ ಅದು ನಿಮ್ಮ ಒಂದು ಗೇಣಿನಿಂದ ಆಚೆಗೆ ಹೋಗಿರಬಹುದು. ಕಳೆದುಕೊಂಡವರು ಅಲ್ಲಿಯೇ ನಿಂತು ಮೊಬೈಲಿನಲ್ಲಿ ಲೊಕೇಶನ್ ಗುರುತು ಮಾಡಿಕೊಂಡು, ಗಂಟೆ ಎಷ್ಟು ಅಂತ ಬರೆದಿಟ್ಟರೆ ದೊಡ್ಡ ಮೆಷಿನ್‌ಗಿಂತ ಹೆಚ್ಚು ಉಪಕಾರ.

ಬಾವಿ ವಿಷಯ ಇಬ್ಬರು ಮೂವರು ಕೇಳಿದರು. ನೀರು ಸೇದುವಾಗ ಬಳೆ ಬಿತ್ತು, ಸರ ಬಿತ್ತು ಅಂತ. ಬಾವಿಗೆ ಡಿಟೆಕ್ಟರ್ ಹಿಡಿದು ಇಳಿಯಬೇಡಿ. ತಳದಲ್ಲಿ ಉಸಿರಾಡಲು ಗಾಳಿ ಇಲ್ಲದೆ ಸತ್ತವರ ಸುದ್ದಿ ಬೇಸಿಗೆಯಲ್ಲಿ ಓದುತ್ತಲೇ ಇರುತ್ತೇವೆ. ಮೊದಲು ಪಾತಾಳ ಗರಡಿ ಬಿಟ್ಟು ನೋಡಿ, ಸರವಾದರೆ ಅದರ ಕೊಕ್ಕೆಗೆ ಸಿಕ್ಕಿಕೊಳ್ಳುವ ಸಾಧ್ಯತೆ ಇದೆ. ಆಗಲಿಲ್ಲವೆಂದರೆ ಹೇಗೂ ಬೇಸಿಗೆಯಲ್ಲಿ ಬಾವಿ ಕೆಸರು ತೆಗೆಸುತ್ತೀರಲ್ಲ, ಆ ಕೆಲಸ ಗೊತ್ತಿದ್ದವರಿಂದ ತೆಗೆಸಿ, ಮೇಲೆ ಬಂದ ಕೆಸರನ್ನು ಅಂಗಳದಲ್ಲಿ ತೆಳ್ಳಗೆ ಹರಡಿ, ಯಾವುದೋ ಒಂದು ಸಾದಾ ಡಿಟೆಕ್ಟರ್ ಆಡಿಸಿ. ಚೈನ್ ಆದರೂ ಆ ಹತ್ತಿರಕ್ಕೆ ಕೇಳೀತು.

ಕಾನೂನು ಸ್ವಲ್ಪದರಲ್ಲಿ ಮುಗಿಸುತ್ತೇನೆ. ಒಬ್ಬರು ಕಳೆದುಕೊಂಡ ಉಂಗುರ ನಿಮಗೆ ಸಿಕ್ಕಿದರೆ ಅದು ನಿಮ್ಮದಲ್ಲ. 1872ರ ಕರಾರು ಕಾಯ್ದೆಯ 71ನೇ ಸೆಕ್ಷನ್ ಪ್ರಕಾರ ನೀವು ಅದನ್ನು ಜೋಪಾನ ಮಾಡಬೇಕಾದವರು. ಹಳೇ ನಾಣ್ಯ, ನಿಧಿಯಂಥದ್ದು ಸಿಕ್ಕಿದರೆ ನಿಧಿಗೆ ಸಂಬಂಧಿಸಿದ ಟ್ರೆಷರ್ ಟ್ರೋವ್ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು.  ಶ್ರೀರಂಗಪಟ್ಟಣ, ಹಂಪಿಯಂಥ ಸಂರಕ್ಷಿತ ಸ್ಮಾರಕಗಳ ಜಾಗದಲ್ಲಿ, ಅದು ಹೊಳೆಯ ಬದಿಯೇ ಆಗಿರಲಿ, ಡಿಟೆಕ್ಟರ್ ಹಿಡಿದು ಅಗೆಯಲು ಹೋಗಲೇಬೇಡಿ.

ಕೊನೆಗೆ ಮಂಡಲದ ಖಜಾಂಚಿ ಎದ್ದು ನಿಂತು ನೇರವಾಗಿ ಕೇಳಿದರು. "ಸರ್, ಅದೆಲ್ಲ ಸರಿ, ನಮಗೆ ಯಾವುದು ತಗೊಳ್ಳಿ ಅಂತೀರಿ?"

ನಿಮಗೆ ಕಡಲು ಹತ್ತಿರ, ಹೊಳೆಯೂ ಹತ್ತಿರ. ಬಹು ಫ್ರೀಕ್ವೆನ್ಸಿಯ, ಪೆಟ್ಟಿಗೆಯೂ ಸೇರಿ 5 ಮೀಟರ್ ನೀರು ತಾಳುವ ಒಂದು ಮೆಷಿನ್ ತಗೊಳ್ಳಿ, ಎರಡಕ್ಕೂ ಆಗುತ್ತದೆ. ಆ ಸಾಲಿನಲ್ಲಿ ಎಲ್ಲಕ್ಕಿಂತ ಮೇಲಿನದ್ದು ಬೇಡ, ಕೆಳಗಿನ ಅಥವಾ ನಡುವಿನದ್ದು ಸಾಕು. ಉಳಿದ ದುಡ್ಡಲ್ಲಿ ಸಣ್ಣ ಕಾಯಿಲ್, ವಾಟರ್‌ಪ್ರೂಫ್ ಹೆಡ್‌ಫೋನ್, ಸ್ಕೂಪ್. ಪಿಐ ಈಗ ಬೇಡ. ತಗೊಳ್ಳುವ ಮೊದಲು ಮನೆಯಿಂದ ಒಂದು ಉಂಗುರ, ಒಂದು ಓಲೆ ಒಯ್ದು ಒದ್ದೆ ಮರಳಿನ ಮೇಲೆ ಆಡಿಸಿ ನೋಡಿ. ಓಲೆಗೆ ದಾರ ಕಟ್ಟಿ, ಇಲ್ಲವಾದರೆ ಅದನ್ನೇ ಹುಡುಕುತ್ತ ಕೂರಬೇಕಾದೀತು. ಮಾರುವವರು ಹಾಗೆ ನೋಡಲು ಬಿಡುವುದಿಲ್ಲ ಅಂದರೆ ಅವರಲ್ಲಿ ತಗೊಳ್ಳಬೇಡಿ.

"ಹುಡುಕಿಕೊಟ್ಟರೆ ದುಡ್ಡು ಕೇಳಬಹುದಾ?" ಅದನ್ನು ಕೇಳಿದ್ದು ಒಬ್ಬ ಹುಡುಗ, ಪಕ್ಕದವನು ಅವನಿಗೆ ಮೊಣಕೈಯಲ್ಲಿ ತಿವಿದ. ಕೇಳಬಹುದು, ತಪ್ಪೇನಿಲ್ಲ. ಆದರೆ ನೀರಿಗೆ ಇಳಿಯುವ ಮೊದಲು ಮಾತಾಡಿಕೊಳ್ಳಿ. ಹೊರದೇಶಗಳಲ್ಲಿ ಈ ಕೆಲಸ ಮಾಡುವ ಎಷ್ಟೋ ಜನ ಹೋಗಿ ಬರುವ ಖರ್ಚು ಮಾತ್ರ ಮೊದಲೇ ತೆಗೆದುಕೊಂಡು, ಸಿಕ್ಕಿದರೆ ಉಳಿದದ್ದು ನಿಮ್ಮ ಇಷ್ಟ ಎನ್ನುತ್ತಾರೆ. ನಮ್ಮ ಊರಿಗೂ ಅದು ಸರಿಹೋಗುತ್ತದೆ ಅಂತ ನನಗನಿಸುತ್ತದೆ. ಮಳೆಗಾಲದಲ್ಲಿ ಯಾರು ಎಷ್ಟೇ ಕೊಡುತ್ತೇನೆ ಅಂದರೂ ಕಡಲಿಗೆ ಇಳಿಯಬೇಡಿ. ಅಕ್ಟೋಬರ್ ಕಳೆಯಲಿ, ಮರಳು ವಾಪಸ್ ದಡಕ್ಕೆ ಬಂದು ಕೂರುತ್ತದೆ, ಆಗ ಫೋನ್ ಮಾಡಿ, ನಾನೂ ಬರುತ್ತೇನೆ.